ಬೋರ್ಡಿನ ಇಸವಿ: ಮಲೆನಾಡಿನ ಒಂದು ಗಾಲ್ಫ್ ಕ್ಲಬ್ಬಿನ ಪ್ರಕರಣ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಸಹಕಾರ ಸಂಘಗಳ ವಾರ್ಷಿಕ ವರದಿ, ಇಂಥವೇ ಕೆಲಸ. ಆಗೊಮ್ಮೆ ಈಗೊಮ್ಮೆ ಸ್ಮರಣ ಸಂಚಿಕೆ ಬರುತ್ತದೆ. ಸ್ಮರಣ ಸಂಚಿಕೆ ಅಂದರೆ ಪ್ರೆಸ್ಸಿನವನಿಗೆ ತಲೆನೋವು. ಲೇಖನ ಕೊಡುತ್ತೇವೆ ಅಂದವರು ಕೊಡುವುದಿಲ್ಲ. ಜಾಹೀರಾತು ಕೊಟ್ಟವರು ದುಡ್ಡು ಕೊಡುವುದಿಲ್ಲ. ಕೊನೆಗೆ ಸಂಪಾದಕನ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಇದೂ ಹಾಗೇ ಶುರುವಾಯಿತು.

ಕಾಫಿ ತೋಟಗಳ ನಡುವಿನ ಒಂದು ಹಳೇ ಪ್ಲಾಂಟರ್ ಕ್ಲಬ್ಬು. ಹೆಸರು ಬೇಡ, ಅವರೂ ಬೇಡ ಅಂದಿದ್ದಾರೆ. ಹಂಚಿನ ಮಾಡು, ಉದ್ದ ಜಗಲಿ, ಒಳಗೆ ಬಿಲಿಯರ್ಡ್ಸ್ ಟೇಬಲ್ಲು, ಹಿಂದೆ ಒಂಬತ್ತು ಹೋಲಿನ ಗಾಲ್ಫ್ ಬಯಲು. ದೊಡ್ಡದಾಗಿ ವಾರ್ಷಿಕೋತ್ಸವ ಮಾಡಬೇಕು, ಮುನ್ನೂರು ಪ್ರತಿ ಸಂಚಿಕೆ ಬೇಕು ಅಂದರು. ರಕ್ಷಾಪುಟದ ಸಾಲನ್ನು ಕಮಿಟಿ ಮೊದಲೇ ತೀರ್ಮಾನಿಸಿತ್ತು: ‘ಮಲೆನಾಡಿನ ಅತಿ ಹಳೆಯ ಗಾಲ್ಫ್ ಕ್ಲಬ್’, ಅದರ ಕೆಳಗೆ ಒಂದು ಇಸವಿ. ಆ ಇಸವಿಯನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಕ್ಲಬ್ಬು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗ ಅಂತ ಇಟ್ಟುಕೊಳ್ಳಿ.

‘ಈ ಇಸವಿಗೆ ಆಧಾರ ಏನು ಸಾರ್?’ ಅಂದೆ. ಕೇಳದೆ ಅಚ್ಚು ಹಾಕಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಅಧ್ಯಕ್ಷರು ಗೋಡೆ ಕಡೆ ಕೈ ತೋರಿಸಿದರು. ‘ಬೋರ್ಡ್ ಇದೆಯಲ್ಲ ಮಾರಾಯ್ರೆ.’

ಗಾಲ್ಫಿನವರಿಗೆ ಇಸವಿ ಅಂದರೆ ಪ್ರಾಣ. ಬ್ರಿಟನ್ನಿನ ಹೊರಗೆ ಎಲ್ಲಕ್ಕಿಂತ ಹಳೆಯದು ಕಲ್ಕತ್ತದ ಕ್ಲಬ್ಬು, 1829. ಬೊಂಬಾಯಿಯದು 1842. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876. ಬೋರ್ಡಿನ ಇಸವಿ ನಿಜವಾದರೆ ಕಾಡಿನ ನಡುವಿನ ಈ ಕ್ಲಬ್ಬು ಬೆಂಗಳೂರಿನ ಬೆನ್ನಿಗೇ ನಿಲ್ಲುತ್ತದೆ. ಆಸೆಪಟ್ಟರೆ ತಪ್ಪೇನಿಲ್ಲ. ಆದರೆ ಕ್ಲಬ್ಬು ಹುಟ್ಟಿದ ದಿನವೇ ಗಾಲ್ಫ್ ಹುಟ್ಟಬೇಕು ಅಂತೇನಿಲ್ಲವಲ್ಲ. ಆಗಿನ ಪ್ಲಾಂಟರುಗಳಿಗೆ ಕ್ಲಬ್ಬು ಬೇಕಾಗಿದ್ದದ್ದು ಶನಿವಾರ ಸಂಜೆ ಇನ್ನೊಬ್ಬ ಬಿಳಿಯನ ಮುಖ ನೋಡಲಿಕ್ಕೆ. ಒಂದು ಟೆನಿಸ್ ಕೋರ್ಟು, ಇಸ್ಪೀಟು, ವಿಸ್ಕಿ ಇದ್ದರೆ ಸಾಕಿತ್ತು. ಒಂಬತ್ತು ಹೋಲಿಗೆ ನೆಲ ಹುಡುಕುವುದು, ಪೊದೆ ಕಡಿಸುವುದು ಬೇರೆಯದೇ ಕೆಲಸ.

ಮೊದಲು ಬೋರ್ಡನ್ನೇ ನೋಡಿದೆ. ಬೀಟೆ ಮರದ ಹಲಗೆ, ಚಿನ್ನದ ಬಣ್ಣದ ಅಕ್ಷರ, ಪ್ರತಿ ಇಸವಿಯ ಮುಂದೆ ಒಬ್ಬೊಬ್ಬ ಅಧ್ಯಕ್ಷರ ಹೆಸರು. ನಾನು ಹೆಸರು ಓದಲಿಲ್ಲ, ಅಕ್ಷರ ನೋಡಿದೆ. ಅದು ನಮ್ಮ ಕಸುಬಿನ ಚಾಳಿ. ಮೇಲಿನ 41 ಸಾಲು ಒಬ್ಬನೇ ಬರೆದದ್ದು. ಅದೇ ಕುಂಚ, ಅದೇ ಅಂತರ. ಆರ್ ಅಕ್ಷರದ ಕಾಲು ಎಲ್ಲ ಸಾಲಿನಲ್ಲೂ ಒಂದೇ ಥರ ಹೊರಗೆ ಚಾಚಿದೆ. 42ನೇ ಸಾಲಿನಿಂದ ಕೈ ಬದಲಾಗುತ್ತದೆ, ಆಮೇಲೆ ಐದಾರು ವರ್ಷಕ್ಕೊಮ್ಮೆ ಬದಲಾಗುತ್ತಲೇ ಹೋಗುತ್ತದೆ. ವರ್ಷಕ್ಕೊಂದು ಸಾಲು ಅಂತ ಬರೆಸಿಕೊಂಡು ಬಂದಿದ್ದರೆ ಒಬ್ಬನೇ ಪೇಂಟರು 41 ವರ್ಷ ಕೈ ನಡುಗದೆ ಬರೆದ ಹಾಗಾಯಿತು. ಅದು ಆಗದ ಮಾತು. ಅಂದರೆ ಬೋರ್ಡು ಹುಟ್ಟಿದ್ದೇ 41 ವರ್ಷ ಆದಮೇಲೆ. ಹಿಂದಿನದನ್ನೆಲ್ಲ ಯಾವುದೋ ಪುಸ್ತಕ ನೋಡಿಯೋ, ನೆನಪಿನ ಮೇಲೋ ಒಂದೇ ಸಲಕ್ಕೆ ಬರೆಸಿದ್ದಾರೆ. ಆ ಪುಸ್ತಕ ಎಲ್ಲಿ ಅಂದರೆ ಗೆದ್ದಲು ತಿಂದಿತು ಅನ್ನುವುದು ಕ್ಲಬ್ಬಿನ ಉತ್ತರ. ಮಲೆನಾಡಿನಲ್ಲಿ ಇದು ಸುಳ್ಳು ಇರಲಿಕ್ಕಿಲ್ಲ.

ಆಮೇಲೆ ಕಪ್ಪು. ಗಾಜಿನ ಬೀರುವಿನಲ್ಲಿ ಒಂದಡಿ ಎತ್ತರದ ‘ಬೆಳ್ಳಿ ಕಪ್ಪು’. ಬೋರ್ಡಿನ ಮೊದಲ ಇಸವಿಗೂ ಇದರ ಮೇಲಿನ ಇಸವಿಗೂ ಮೂರೇ ವರ್ಷ ಅಂತರ. ಕಮಿಟಿಯವರ ದೊಡ್ಡ ಅಸ್ತ್ರ ಇದೇ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಗಾಂಧಿ ಬಜಾರಿನ ಆಚಾರ್ರಿಗೆ ತೋರಿಸಿದೆ. ಇಂಗ್ಲೆಂಡಿನ ಅಸಲಿ ಬೆಳ್ಳಿಯಾದರೆ ತಳದಲ್ಲಿ ನಡೆಯುವ ಸಿಂಹದ ಸಣ್ಣ ಮುದ್ರೆ ಇರುತ್ತದೆ, ಪಕ್ಕದಲ್ಲಿ ಒಂದು ಅಕ್ಷರ. ಆ ಅಕ್ಷರದಿಂದ ಮುದ್ರೆ ಬಿದ್ದ ವರ್ಷವನ್ನೇ ಹೇಳಬಹುದು. ಆಚಾರ್ರು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಬಹಳ ಹೊತ್ತು ತಿರುಗಿಸಿದರು. ಸಿಂಹ ಇಲ್ಲ. ಇ.ಪಿ.ಎನ್.ಎಸ್. ಅಂತ ನಾಲ್ಕು ಅಕ್ಷರ ಇದೆ.

‘ಬೆಳ್ಳಿಯಲ್ಲ ಸ್ವಾಮಿ ಇದು. ಒಳಗೆ ನಿಕ್ಕಲ್ಲು, ಮೇಲೆ ಬೆಳ್ಳಿ ನೀರು,’ ಅಂದರು.

ಬೆಳ್ಳಿಯ ಆಸೆ ಹೋಗಲಿ, ಕೆತ್ತನೆ ಅಂತೂ ಇತ್ತಲ್ಲ. ಆಚಾರ್ರು ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಇಸವಿಯ ಕೆಳಗೆ ಇನ್ನೊಂದು ಚಿತ್ರ ಎದ್ದಿತು. ಅಡ್ಡಡ್ಡ ಇಟ್ಟ ಎರಡು ಟೆನಿಸ್ ರ‍್ಯಾಕೆಟ್ಟು! ಕ್ಲಬ್ಬು ಅಷ್ಟು ಹಳೆಯದು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಗಾಲ್ಫಿಗೆ ಸಿಗಲಿಲ್ಲ.

ಲೆಡ್ಜರಿನಲ್ಲಿ ಗಾಲ್ಫ್ ಇದೆ. ಅಟ್ಟದ ಮೇಲೆ ಒಂದೇ ಒಂದು ಹಳೇ ಲೆಡ್ಜರು ಉಳಿದಿತ್ತು, ರಟ್ಟು ಮತ್ತು ಮೊದಲ ಹಾಳೆಗಳು ಹೋಗಿವೆ. ಇಸವಿ ಎಲ್ಲೂ ಇಲ್ಲ, ತಿಂಗಳು ಮಾತ್ರ. ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಹಾಗಾಗಿ ಅದಕ್ಕಿಂತ ಹಿಂದಿನದು. ಹೊಳೆ ಮರಳು ಎರಡು ಗಾಡಿ. ಎಣ್ಣೆ ಒಂದು ಪೀಪಾಯಿ. ಹುಡುಗರಿಂದ ಕೊಂಡ ಹಳೇ ಚೆಂಡು, ಒಂದಕ್ಕೆ 2 ಆಣೆ. ಶನಿವಾರ ದನ ಅಟ್ಟಿದವನಿಗೆ 4 ಆಣೆ. ಈ ದನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲೆಡ್ಜರಿನ ನಡುವೆ ಹಾಳೆ ಗುರುತಿಗೆ ಇಟ್ಟ ಒಂದು ಕಾರ್ಡು ಸಿಕ್ಕಿತು. ಇದು ನನಗೆ ಹಬ್ಬ. ಗಾಲ್ಫ್ ಸ್ಕೋರ್ ಕಾರ್ಡು. ಮೊಳೆ ಜೋಡಿಸಿ ಟ್ರೆಡಲ್ಲಿನಲ್ಲಿ ಹೊಡೆದದ್ದು, ಹಿಂದೆ ಬೆರಳಾಡಿಸಿದರೆ ಅಕ್ಷರದ ಉಬ್ಬು ಸಿಗುತ್ತದೆ. ಒಂಬತ್ತು ಸಾಲು, ಗಜದಲ್ಲಿ ದೂರ, ಪಕ್ಕದ ಕಾಲಮ್ಮಿನ ತಲೆಯಲ್ಲಿ ‘ಬೋಗಿ’ ಅಂತ ಇಂಗ್ಲಿಷಿನಲ್ಲಿದೆ. ನಮಗೆ ಬೋಗಿ ಅಂದರೆ ರೈಲಿಂದು. ಬೆಂಗಳೂರಿನಲ್ಲಿ ಗಾಲ್ಫ್ ಆಡುವ ಷಡ್ಡಕ ಒಬ್ಬನಿದ್ದಾನೆ, ಫೋನ್ ಮಾಡಿದೆ. ಈಗ ಒಂದು ಹೋಲಿಗೆ ಇಷ್ಟು ಹೊಡೆತ ಅನ್ನುವ ಲೆಕ್ಕಕ್ಕೆ ‘ಪಾರ್’ ಅನ್ನುತ್ತಾರೆ, ಅದಕ್ಕಿಂತ ಒಂದು ಜಾಸ್ತಿ ಹೊಡೆದರೆ ಬೋಗಿ. ಮೊದಲು ಹಾಗಿರಲಿಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಾಗ ಬೋಗಿ ಅಂದರೇ ಮಾದರಿ ಲೆಕ್ಕ. ಹಳೇ ಕಾರ್ಡುಗಳಲ್ಲಿ ಪಾರ್ ಇರುವ ಜಾಗದಲ್ಲಿ ಬೋಗಿಯೇ ಇರುತ್ತಿತ್ತು.

ಕಾರ್ಡಿನ ಅಂಚಿನಲ್ಲಿ ಒಂದು ದಪ್ಪ ಗೆರೆ. ಗೆರೆಯ ಮೇಲೆ ‘ಸ್ಟೈಮಿ’ ಅಂತಿದೆ. ಅಳೆದರೆ ಸರಿಯಾಗಿ ಆರು ಇಂಚು. ಅಲಂಕಾರಕ್ಕೆ ಅಂತ ಯಾರೂ ಆರು ಇಂಚಿನ ಗೆರೆ ಹಾಕುವುದಿಲ್ಲ. ಷಡ್ಡಕ ವಿವರಿಸಿದ ಮೇಲೆ ಅರ್ಥವಾಯಿತು. ಇಬ್ಬರು ಆಡುವಾಗ ಒಬ್ಬನ ಚೆಂಡು ಇನ್ನೊಬ್ಬನ ಚೆಂಡಿಗೂ ಹೋಲಿಗೂ ನಡುವೆ ನಿಂತರೆ ಎತ್ತುವಂತಿರಲಿಲ್ಲ. ಅದನ್ನು ಬಳಸಿಕೊಂಡೋ, ಮೇಲಿಂದ ಹಾರಿಸಿಯೋ ಹೊಡೆಯಬೇಕು. ಎರಡು ಚೆಂಡಿನ ನಡುವೆ ಆರು ಇಂಚಿಗಿಂತ ಕಮ್ಮಿ ಜಾಗ ಇದ್ದರೆ ಮಾತ್ರ ಎತ್ತಬಹುದು. ಜಗಳ ಆದರೆ ಅಳೆಯಲಿಕ್ಕೆ ಜೇಬಿನಲ್ಲಿ ಕಾರ್ಡು! ಈ ನಿಯಮ 1952ರಲ್ಲಿ ಹೋಯಿತು.

ಖುಷಿಯಿಂದ ಕುಣಿದೆ. ರಾತ್ರಿ ಮಲಗಿದಾಗ ಲೆಕ್ಕ ಹಾಕಿದರೆ ಕೈಗೆ ಸಿಕ್ಕದ್ದು ಏನು? 1890ರ ಆಮೇಲೆ, 1952ರ ಮೊದಲು. ಅರವತ್ತು ವರ್ಷದ ಬಯಲು. ಅದೂ ಅಚ್ಚಾದ ಕಾಲ, ಆಡಿದ ಕಾಲ ಅಲ್ಲ. ಐದು ಸಾವಿರ ಕಾರ್ಡು ಹೊಡೆಸಿ ಇಪ್ಪತ್ತು ವರ್ಷ ಉಪಯೋಗಿಸುವ ಗಿರಾಕಿಗಳನ್ನು ನಾನೇ ನೋಡಿದ್ದೇನೆ.

ಆಗ ಕ್ಲಬ್ಬಿನ ಮಾಲಿ ಹೇಳಿದ, ‘ಕೆಳಗೆ ಊರಲ್ಲಿ ಅಜ್ಜ ಇದ್ದಾರೆ, ಅವರನ್ನ ಕೇಳಿ ಸಾರ್.’

ಆಧಾರ್ ಕಾರ್ಡಿನ ಪ್ರಕಾರ ಅಜ್ಜನಿಗೆ ಎಂಬತ್ತೆರಡು. ಅವರು ಇನ್ನೆರಡು ಸೇರಿಸಿ ಹೇಳುತ್ತಾರೆ. ಹತ್ತು ವರ್ಷಕ್ಕೆ ಕ್ಯಾಡಿ, ಅಂದರೆ ಆಡುವವರ ಕೋಲಿನ ಬ್ಯಾಗ್ ಹೊರುವವನು, ಆಗಿ ಸೇರಿದವರು, ಮಂಡಿ ಕೈಕೊಡುವವರೆಗೆ ಹೊತ್ತರು. ಮೂರು ಸಲ ಹೋಗಿದ್ದೆ. ಮೊದಲ ಸಲ ಬರೀ ಕಾಫಿ ಕುಡಿದು ಮಳೆಯ ಮಾತಾಡಿದೆವು. ಎರಡನೇ ಸಲ ಅವರೇ ಎದ್ದು ನನ್ನನ್ನು ಬಯಲಿಗೆ ಕರೆದುಕೊಂಡು ಹೋದರು.

‘ಈಗ ಗ್ರೀನ್ ಅಂತಾರೆ. ಆಗ ಹುಲ್ಲೆಲ್ಲಿತ್ತು? ಬ್ರೌನ್ ಅದು,’ ಅಂದರು.

ಹೋಲಿನ ಸುತ್ತ ಹುಲ್ಲಿನ ಬದಲು ಮರಳು. ನೀರಿನ ಅನುಕೂಲ ಇಲ್ಲದ ಎಷ್ಟೋ ಕಡೆ ನಮ್ಮ ದೇಶದಲ್ಲಿ ಹಾಗೇ ಮಾಡುತ್ತಿದ್ದರು. ಅಜ್ಜ ಚಪ್ಪಲಿ ಬಿಟ್ಟು, ಬಗ್ಗಿ, ಕೈಯಲ್ಲೇ ತೋರಿಸಿದರು. ಹೊಳೆ ಮರಳು ತಂದು ಜರಡಿ ಹಿಡಿಯುವುದು. ಲಾರಿಯ ವೇಸ್ಟ್ ಆಯಿಲ್ ಹಾಕಿ ಕಲಸುವುದು, ಅವಲಕ್ಕಿಗೆ ಎಣ್ಣೆ ಕಲಸಿದ ಹಾಗೆ, ಜಾಸ್ತಿ ಆಗಬಾರದು. ಹರಡಿ, ತಟ್ಟಿ, ಮಟ್ಟ ಮಾಡುವುದು. ಒಬ್ಬರು ಆಡಿ ಹೋದ ಮೇಲೆ ಹೆಜ್ಜೆ ಗುರುತು ಹೋಗಬೇಕಲ್ಲ, ಅದಕ್ಕೆ ಒದ್ದೆ ಗೋಣಿಯನ್ನು ಸುತ್ತಲೂ ಎಳೆಯುವುದು. ಗೋಣಿ ಎಳೆಯುವುದು ಚಿಕ್ಕ ಹುಡುಗರ ಕೆಲಸ, ಬ್ಯಾಗ್ ಹೊರುವುದು ದೊಡ್ಡವರದ್ದು. ಜೂನ್ ಬಂತೆಂದರೆ ಆಟ ಬಂದ್. ನಾಲ್ಕು ತಿಂಗಳ ಮಳೆಗೆ ಮರಳೆಲ್ಲ ತೊಳೆದುಹೋಗಿ, ದಸರಾ ಕಳೆದ ಮೇಲೆ ಮತ್ತೆ ಹೊಸದಾಗಿ ಕಲಸಬೇಕು. ಲೆಡ್ಜರಿನ ಎರಡು ಗಾಡಿ ಮರಳು, ಒಂದು ಪೀಪಾಯಿ ಎಣ್ಣೆ ಎಲ್ಲಿಗೆ ಹೋಯಿತು ಅಂತ ಆಗ ಗೊತ್ತಾಯಿತು.

ಮನೆಗೆ ಬಂದು ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಅರವತ್ತರ ಮೇಲೆ ಚೆಂಡು, ಪೊದೆಯಲ್ಲಿ ಹೆಕ್ಕಿದ್ದು, ಕೆರೆಯಲ್ಲಿ ಮುಳುಗಿ ತೆಗೆದದ್ದು. ನೋಡಲಿಕ್ಕೆ ಎಲ್ಲ ಒಂದೇ. ಅಜ್ಜ ಮಾತ್ರ ಕಣ್ಣುಮುಚ್ಚಿ ಎರಡು ಗುಡ್ಡೆ ಮಾಡಿದರು. ‘ಇದು ಸಣ್ಣದು, ಇದು ದೊಡ್ಡದು. ಗಾಳಿಗೆ ಎದುರು ಸಣ್ಣದೇ ಚೆನ್ನಾಗಿ ಹೋಗ್ತಿತ್ತು.’ ನಾನು ಒಪ್ಪಲಿಲ್ಲ. ಎರಡು ಗುಡ್ಡೆಯಿಂದಲೂ ಐದೈದು ತಂದು ಪ್ರೆಸ್ಸಿನ ಪಕ್ಕದ ಲೇತ್ ಅಂಗಡಿಯಲ್ಲಿ ಅಳೆಸಿದೆ. ಒಂದು ಗುಡ್ಡೆಯವು 41 ಮಿಲಿಮೀಟರಿನ ಮೇಲೆ ಚೂರು, ಇನ್ನೊಂದರವು 42.7ರ ಹತ್ತಿರ. ಅಜ್ಜನ ಬೆರಳಿಗೆ ಒಂದೂವರೆ ಮಿಲಿಮೀಟರ್ ಗೊತ್ತಾಗುತ್ತದೆ! ಬ್ರಿಟಿಷರ ಚೆಂಡು 1.62 ಇಂಚು, ಅಮೆರಿಕದವರದು 1.68. ಸಣ್ಣ ಚೆಂಡನ್ನು 1974ರಲ್ಲಿ ಬ್ರಿಟನ್ನಿನ ದೊಡ್ಡ ಪಂದ್ಯವಾದ ಓಪನ್‌ನಿಂದ ತೆಗೆದರು, 1990ಕ್ಕೆ ನಿಯಮದಿಂದಲೇ ತೆಗೆದರು. ಸಣ್ಣವುಗಳಲ್ಲಿ ಮೂರರ ಮೇಲೆ ‘ಡನ್ಲಪ್ 65’ ಅಂತ ಮಸುಕಾಗಿ ಓದಬಹುದಿತ್ತು. ಹೆನ್ರಿ ಕಾಟನ್ ಅನ್ನುವ ಆಟಗಾರ 1934ರ ಓಪನ್‌ನಲ್ಲಿ ಒಂದು ಸುತ್ತನ್ನು 65 ಹೊಡೆತಕ್ಕೆ ಮುಗಿಸಿದ್ದರಿಂದ ಆ ಚೆಂಡಿಗೆ ಆ ಹೆಸರು. ಹಾಗಾಗಿ ಅವು 1934ರ ಆಮೇಲಿನವು. ಆದರೆ ಈ ಚೆಂಡು ಎಷ್ಟೋ ದಶಕ ಮಾರಾಟವಾಯಿತು. ಮತ್ತೆ ಅದೇ ಕಥೆ, ಒಂದು ಕಡೆ ಬೇಲಿ, ಇನ್ನೊಂದು ಕಡೆ ಬಯಲು.

ಇನ್ನು ನಾನು ಮಾಡಿದ ತಪ್ಪು. ಇಸ್ಪೀಟಿನ ಕೋಣೆಯಲ್ಲಿ ಒಂದು ಗುಂಪು ಫೋಟೋ ಇದೆ. ಎಂಟು ಜನ ಬಿಳಿಯರು, ಇಬ್ಬರು ಹೆಂಗಸರು, ಕುರ್ಚಿ ಹಾಕಿ ಕೂತಿದ್ದಾರೆ. ಇಸವಿ ಇಲ್ಲ. ಬಲಗಡೆ ಅಂಚಿನಲ್ಲಿ ಅರ್ಧಂಬರ್ಧ ಕಾಣುವ ಒಬ್ಬ ಹುಡುಗ ನಿಂತಿದ್ದ. ಪುಟ ಕಟ್ಟುವವನಿಗೆ ಅಂಚಿನ ಅರ್ಧ ಮನುಷ್ಯ ಅಂದರೆ ಕಸ. ಯೋಚನೆಯೇ ಮಾಡದೆ ಕತ್ತರಿಸಿ ಹಾಕಿದೆ. ಮೂರನೇ ಸಲ ಹೋದಾಗ ಅಜ್ಜನಿಗೆ ಪ್ರೂಫ್ ತೋರಿಸಿದೆ.

‘ಈ ಕಡೆ ಕೊಯ್ದವರ‍್ಯಾರು?’ ಅಂದರು.

ಕ್ಯಾಡಿಗಳು ಕ್ಲಬ್ಬಿನ ಒಳಗೆ ಹೋಗುವಂತಿರಲಿಲ್ಲ. ಆದರೂ ಜಗಲಿಯ ಕಿಟಕಿಯಿಂದ ಆ ಫೋಟೋ ಕಾಣುತ್ತದೆ. ಎಪ್ಪತ್ತು ವರ್ಷ ನೋಡಿದ್ದಾರೆ. ‘ಅಲ್ಲಿ ನಮ್ಮಯ್ಯ ನಿಂತಿದ್ದಾರೆ. ಟೋಪಿ ಹಾಕ್ಕೊಂಡು. ಆ ಟೋಪಿ ದೊರೆ ಕೊಟ್ಟಿದ್ದು. ನಮ್ಮನೇಲಿ ಗೂಟಕ್ಕೆ ನೇತಾಡ್ತಿತ್ತು.’

ವಾಪಸ್ ಬಂದು ಇಡೀ ಸ್ಕ್ಯಾನ್ ತೆರೆದೆ. ಹತ್ತು ಹನ್ನೆರಡು ವರ್ಷದ ಹುಡುಗ. ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ, ಅಂಚಿನಲ್ಲಿ ಹೊಲಿಗೆ ಹಾಕಿದ್ದು ಕಾಣುತ್ತದೆ. ಬರಿಗಾಲು. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಆರೇಳು ಕೋಲು. ಅದನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿದೆ. ಕೋಲುಗಳು ಮರದವು. ಹೊಳಪಿಲ್ಲ, ಕಪ್ಪಗಿವೆ, ತಲೆ ಸೇರುವ ಕತ್ತಿನಲ್ಲಿ ದಾರ ಸುತ್ತಿದೆ. ಸ್ಟೀಲ್ ಕೋಲಿಗೆ, ಗಾಲ್ಫಿನ ನಿಯಮ ಮಾಡುತ್ತಿದ್ದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನವರು ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಅದಾದ ಕೆಲವೇ ವರ್ಷಕ್ಕೆ ಮರದ ಕೋಲು ಮೂಲೆ ಸೇರಿತು. ಇಡೀ ಫೋಟೋದಲ್ಲಿ ಗಾಲ್ಫ್ ಅಂತ ಇದ್ದದ್ದು ಆ ಹುಡುಗನ ಹೆಗಲಲ್ಲಿ ಮಾತ್ರ. ನಾನು ಅದನ್ನೇ ಕತ್ತರಿಸಿದ್ದೆ.

ಅಜ್ಜನ ಅಪ್ಪ ಹತ್ತು ಹನ್ನೆರಡರ ಹುಡುಗನಾಗಿದ್ದದ್ದು 1930ರ ಆಸುಪಾಸು. ಮರದ ಕೋಲಿಗೂ ಇದು ಹೊಂದುತ್ತದೆ. ಹಾಗಾಗಿ ಬರೆದೆ: ಕ್ಲಬ್ಬಿನ ವಯಸ್ಸು ಬೋರ್ಡು ಹೇಳಿದಷ್ಟೇ ಇರಬಹುದು, ಗಾಲ್ಫ್ 1930ರ ಹೊತ್ತಿಗೆ ಇತ್ತು, ಅದಕ್ಕಿಂತ ಹಿಂದೆ ಇತ್ತು ಅನ್ನಲಿಕ್ಕೆ ಆಧಾರ ಇಲ್ಲ.

ಕಮಿಟಿ ಸಭೆಯಲ್ಲಿ ಓದಿದೆ. ಎಲ್ಲರೂ ಸುಮ್ಮನೆ ಕೂತರು. ‘ನಲವತ್ತು ವರ್ಷ ಕದ್ದುಬಿಟ್ರಲ್ಲ ಮಾರಾಯ್ರೆ!’ ಅಂತ ಅಧ್ಯಕ್ಷರು ನಕ್ಕರು. ಒಳ್ಳೇ ಮನುಷ್ಯ. ರಕ್ಷಾಪುಟದಿಂದ ‘ಅತಿ ಹಳೆಯ’ ಹೋಯಿತು, ‘ಗಾಲ್ಫ್’ ಹೋಯಿತು. ಕ್ಲಬ್ಬು ಮತ್ತು ಇಸವಿ ಉಳಿಯಿತು.

ಅವರಿಗೆ ಕಷ್ಟವಾದದ್ದು ಇಸವಿಯಲ್ಲ, ದನ. ಬಯಲು ಮೂಲದಲ್ಲಿ ಊರಿನ ಗೋಮಾಳ. ಹಳೇ ಗ್ರಾಮ ನಕ್ಷೆಯಲ್ಲಿ ಹಾಗೇ ಇದೆ. ವಾರವಿಡೀ ಊರಿನ ದನ ಅಲ್ಲೇ ಮೇಯುತ್ತಿದ್ದವು, ಅವೇ ಕ್ಲಬ್ಬಿನ ಹುಲ್ಲು ಕತ್ತರಿಸುವ ಮೆಷಿನ್ನು. ಶನಿವಾರ ಮಾತ್ರ ಅವು ಕಳ್ಳ ದನ! ಅಟ್ಟಿದವನಿಗೆ 4 ಆಣೆ, ಸಿಕ್ಕಿದ ದನಕ್ಕೆ ದೊಡ್ಡಿ. ಆಮೇಲೆ ತಂತಿ ಬೇಲಿ ಬಂದು ವಾರದ ಮೇವೂ ಹೋಯಿತು. ಇದನ್ನು ಅರ್ಧ ಪುಟ ಬರೆದಿದ್ದೆ. ‘ಇದೆಲ್ಲ ಯಾಕೆ ಈಗ?’ ಅಂದರು ಒಬ್ಬರು. ‘ನಾಳೆ ಯಾರಾದರೂ ತಹಶೀಲ್ದಾರರ ಹತ್ತಿರ ಇದನ್ನೇ ಹಿಡಿದುಕೊಂಡು ಹೋದರೆ?’ ಅಂದರು ಇನ್ನೊಬ್ಬರು. ಅವರ ಭಯ ಸುಳ್ಳಲ್ಲ. ಆದರೆ ದನ ಇಲ್ಲದೆ ಆ ಬಯಲಿನ ಕಥೆ ಬರೆಯುವುದು ಹೇಗೆ? ಜಗ್ಗಾಡಿ ಜಗ್ಗಾಡಿ ಎರಡು ಸಾಲು ಉಳಿಸಿಕೊಂಡೆ. ಗೋಮಾಳ ಅನ್ನುವ ಪದ ಹೋಗಿ ‘ಹುಲ್ಲುಗಾವಲು’ ಆಯಿತು. ಅಷ್ಟಕ್ಕೆ ಒಪ್ಪಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

14ನೇ ಪುಟಕ್ಕೆ ಇಡೀ ಫೋಟೋ ಹಾಕಿದೆ. ಎದುರು ಪುಟದಲ್ಲಿ ಸ್ಕೋರ್ ಕಾರ್ಡು, ಇದ್ದ ಅಳತೆಗೇ. ಆರು ಇಂಚಿನ ಗೆರೆ ಆರೇ ಇಂಚು ಬರಲಿ ಅಂತ ಮೂರು ಸಲ ಪ್ರೂಫ್ ತೆಗೆದೆ. ಫೋಟೋದ ಅಡಿಬರಹದಲ್ಲಿ ‘ಬಲತುದಿಯಲ್ಲಿ, ಬ್ಯಾಗ್ ಹೊತ್ತಿರುವವರು ನಮ್ಮ ಹಿರಿಯ ಕ್ಯಾಡಿಯವರ ತಂದೆ’ ಅಂತ ಬರೆದೆ.

ಬಿಡುಗಡೆಯ ದಿನ ಗೇಟಿನಲ್ಲಿ ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಗಾಲ್ಫ್ ಹೊಡೆಯುತ್ತಿರುವ ಬಿಳಿಯನ ಚಿತ್ರ, ಪಕ್ಕದಲ್ಲಿ ಬೋರ್ಡಿನ ಇಸವಿ. ಫ್ಲೆಕ್ಸ್ ನನ್ನ ಅಂಗಡಿಯದಲ್ಲ.

ಅಜ್ಜನನ್ನು ಆ ದಿನ ಒಳಗೆ ಕರೆದು ಕೂರಿಸಿದ್ದರು. ಸಂಚಿಕೆಯ 14ನೇ ಪುಟ ತೆಗೆದುಕೊಟ್ಟೆ. ಪಕ್ಕದಲ್ಲಿ ಕೂತ ಮೊಮ್ಮಗಳು ಅಡಿಬರಹ ಓದಿ ಹೇಳಿದಳು. ಅಜ್ಜ ನನ್ನ ಕಡೆ ತಿರುಗಿದರು.

‘ಅಪ್ಪಯ್ಯ ಅಲ್ಲ ಸಾರ್. ಅಯ್ಯ.’

‘ಅಯ್ಯ ಅಂದರೆ ಅಪ್ಪ ಅಲ್ವಾ?’

‘ನಮ್ಮನೇಲಿ ಅಪ್ಪನಿಗೆ ಅಪ್ಪಯ್ಯ. ಅಯ್ಯ ಅಂದ್ರೆ ಅಪ್ಪಯ್ಯನ ಅಪ್ಪ.’

ನನ್ನ ಮೂಲ ಮಂಡ್ಯ ಕಡೆ. ನಮ್ಮಲ್ಲಿ ಅಯ್ಯ ಅಂದರೆ ಅಪ್ಪನೇ. ಕೇಳಿದ ಕೂಡಲೇ ಹಾಗೇ ಬರೆದುಕೊಂಡಿದ್ದೆ, ಇನ್ನೊಂದು ಸಲ ಕೇಳಬೇಕು ಅಂತ ಹೊಳೆಯಲೂ ಇಲ್ಲ. ಹುಡುಗ ಒಂದು ತಲೆಮಾರು ಹಿಂದಕ್ಕೆ ಹೋದರೆ ಫೋಟೋ 1905ರ ಸುತ್ತಮುತ್ತಲಿಗೆ ಹೋಗುತ್ತದೆ. ಮರದ ಕೋಲು ಆಗಲೂ ಇತ್ತು, ತಡೆಯೇನಿಲ್ಲ. ಆದರೆ ಅಜ್ಜ ಗುರುತು ಹಿಡಿದದ್ದು ಮುಖವನ್ನಲ್ಲ, ಟೋಪಿಯನ್ನು. ಗೂಟದಲ್ಲಿದ್ದ ಟೋಪಿಯನ್ನು ಅಪ್ಪಯ್ಯನೂ ಹುಡುಗನಾಗಿದ್ದಾಗ ಹಾಕಿರಬಹುದಲ್ಲ? ಕೇಳಿದೆ. ‘ಹಾಕಿರಬಹುದು,’ ಅಂದರು ಅಜ್ಜ, ಯೋಚನೆ ಮಾಡಿ. ‘ಆದ್ರೆ ಅದು ಅಯ್ಯನ ಟೋಪಿ.’

ಅಧ್ಯಕ್ಷರಿಗೆ ಹೇಳಿದೆ. ‘ಇಪ್ಪತ್ತೈದು ವರ್ಷ ವಾಪಸ್ ಬಂತು ಅನ್ನಿ,’ ಅಂತ ನನ್ನ ಬೆನ್ನು ತಟ್ಟಿದರು.

ಮಾರನೇ ದಿನ ಪ್ರೆಸ್ಸಿನಲ್ಲಿ ಚೀಟಿ ಹೊಡೆದೆವು. ‘ಪುಟ 14, ಚಿತ್ರದ ಅಡಿಬರಹ: ತಂದೆ ಎಂಬುದನ್ನು ತಂದೆ ಅಥವಾ ಅಜ್ಜ ಎಂದು ಓದಿಕೊಳ್ಳಬೇಕು.’ ಹಂಚದೆ ಉಳಿದಿದ್ದ 180 ಪ್ರತಿಗೂ ನಾನು, ನಮ್ಮ ಬೈಂಡಿಂಗ್ ಹುಡುಗ ಕೂತು ಅಂಟಿಸಿದೆವು. ಗೋಂದಿನ ದುಡ್ಡು ಬಿಲ್ಲಿಗೆ ಹಾಕಲಿಲ್ಲ.